ಗುಡಾರದಲ್ಲಿ ಎದ್ದು ನಿಂತವರು

ನನ್ನ ಗಂಡ ತಗಡಿನ ಕೆಲಸದವರು. ಬಕೆಟ್ಟಿನ ತಳ, ಎಣ್ಣೆಯ ಲಾಳಿಕೆ, ನೀರಿನ ಡ್ರಮ್ಮು, ಏನು ಸೋರಿದರೂ ಜನ ಅವರ ಅಂಗಡಿಗೆ ತರುತ್ತಿದ್ದರು. ಅವರು ತೀರಿಹೋಗಿ ಎಂಟು ತಿಂಗಳಾಯಿತು. ಊರವರು ಅವರನ್ನು ನೆನೆಸಿಕೊಳ್ಳುವುದು ಬಕೆಟ್ಟಿಗಾಗಿ ಅಲ್ಲ. ತುತ್ತೂರಿಗಾಗಿ, ಅದರಲ್ಲೂ ಸರ್ಕಸ್ಸಿನ ಆ ಶುಕ್ರವಾರಕ್ಕಾಗಿ. ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಹುಡುಗಿ ಬಿದ್ದಳು ಎನ್ನುವವರೂ ಇದ್ದಾರೆ. ಬೀಳಲಿಲ್ಲ. ನಾನು ಅಲ್ಲೇ ಇದ್ದೆ. ನಡೆದದ್ದು ಹೇಳುತ್ತೇನೆ.

ತುತ್ತೂರಿ ನಮ್ಮ ಕ್ರೈಸ್ತ ಸಭೆಯದು, ಅವರದಲ್ಲ. ಇದನ್ನು ಮೊದಲೇ ಹೇಳಬೇಕು.

ಅವರಿಗೆ ಹತ್ತೊಂಬತ್ತು ವರ್ಷವಾಗಿದ್ದಾಗ ಸಭೆಯವರು ಒಂದು ಹಳೆಯ ತುತ್ತೂರಿಯನ್ನು ಗೋಣಿಚೀಲದಲ್ಲಿ ಸುತ್ತಿ ರಿಪೇರಿಗೆ ತಂದರಂತೆ. ಬಾಯಿ ನಜ್ಜುಗುಜ್ಜಾಗಿತ್ತು. ಕೊಳವೆಯಲ್ಲಿ ಎರಡು ತೂತು. ಇವರು ಬಡಿದು ನೆಟ್ಟಗೆ ಮಾಡಿದರು, ಬೆಸುಗೆ ಹಾಕಿದರು, ಸೋರುತ್ತದೋ ಇಲ್ಲವೋ ನೋಡಲು ಊದಿದರು. ಬಕೆಟ್ಟಾದರೆ ನೀರು ಹಾಕಿ ನೋಡುತ್ತಾರೆ, ಇದಕ್ಕೆ ಗಾಳಿ. ಅಷ್ಟೇ. ಆಮೇಲೆ ಅದನ್ನು ಬಿಡಲಿಲ್ಲ. ಕಲಿಸಿದವರಿಲ್ಲ. ಅಂಗಡಿಯ ಹಿಂದೆ ಕೂತು ಕೀರ್ತನೆಗಳನ್ನು ಒಂದೊಂದಾಗಿ ತುತ್ತೂರಿಯೊಳಗೆ ಹುಡುಕಿಕೊಂಡರು. ನೂರಹನ್ನೆರಡು ಕೀರ್ತನೆ ಬರುತ್ತಿತ್ತು. ಅದು ಬಿಟ್ಟು ಒಂದೇ ಒಂದು ರಾಗ ಬರುತ್ತಿರಲಿಲ್ಲ. ಮಕ್ಕಳನ್ನು ಮಲಗಿಸುವ ಹಾಡೂ ಬರುತ್ತಿರಲಿಲ್ಲ.

ನಮ್ಮ ಸಭೆಯಲ್ಲಿ ಬೇರೆ ವಾದ್ಯವಿರಲಿಲ್ಲ. ಆರಾಧನೆ ಪ್ರವೇಶದ ಕೀರ್ತನೆಯಿಂದ ಶುರು. ಮೊದಲು ಮೂರು ಉದ್ದನೆಯ ಸ್ವರ. ಅದು ಕೇಳಿದ ಕೂಡಲೇ ಎಲ್ಲರೂ ಏಳಬೇಕು. ಕೀರ್ತನೆ ಮುಗಿದ ಕೂಡಲೇ ಎಲ್ಲರೂ ಆಮೆನ್ ಅನ್ನಬೇಕು. ವರ್ಷಗಟ್ಟಲೆ ಹೀಗೇ ಮಾಡಿ ನಮ್ಮ ಕಾಲುಗಳಿಗೆ ಅದು ಬಾಯಿಪಾಠವಾಗಿಬಿಟ್ಟಿತ್ತು. ಅವರು ಮನೆಯಲ್ಲಿ ಊದಿದರೂ ನಾನು ಈರುಳ್ಳಿ ಹೆಚ್ಚುತ್ತಿದ್ದವಳು ಚಾಕು ಹಿಡಿದುಕೊಂಡೇ ಎದ್ದು ನಿಲ್ಲುತ್ತಿದ್ದೆ.

"ಕೂತ್ಕೊಳ್ಳೇ, ಇದು ಅಡುಗೆಮನೆ," ಎನ್ನುತ್ತಿದ್ದರು ಅತ್ತೆ. ಅನ್ನುವ ಹೊತ್ತಿಗೆ ಅವರೂ ಅರ್ಧ ಎದ್ದಿರುತ್ತಿದ್ದರು.

ಸಭೆ ಕಟ್ಟುನಿಟ್ಟಿನದು. ಬಾಗಿಲ ಪಕ್ಕದಲ್ಲಿ ನಿಯಮದ ಹಲಗೆ ಇತ್ತು. ಕುಡಿತ, ಜೂಜು, ನಾಟಕ, ಸಿನಿಮಾ, ಕುಣಿತ, ಲೋಕದ ಇತರ ವಿನೋದಗಳು ನಮಗಲ್ಲ. ದೀಕ್ಷಾಸ್ನಾನದ ದಿನ ಎಲ್ಲರೂ ಮಾತು ಕೊಟ್ಟಿರುತ್ತೇವೆ. ಮುರಿದರೆ ಮೂರು ತಿಂಗಳು ಕರ್ತನ ಮೇಜಿನ ರೊಟ್ಟಿ ದ್ರಾಕ್ಷಾರಸ ಇಲ್ಲ. ಹಿಂದಿನ ಬೆಂಚು. ಸಭೆಯಲ್ಲಿ ಏನು ಕೆಲಸ ಮಾಡುತ್ತಿದ್ದರೂ ಅದನ್ನು ಬಿಟ್ಟುಕೊಡಬೇಕು. ಮೂರು ತಿಂಗಳಾದ ಮೇಲೆ ಆ ಕೆಲಸ ವಾಪಸ್ಸು ಸಿಗುತ್ತದೆ ಎಂದೇನಿಲ್ಲ. ದೀಪ ಹಚ್ಚುತ್ತಿದ್ದ ಒಬ್ಬ ಮುದುಕಿ ಸಿನಿಮಾ ನೋಡಿ ಸಿಕ್ಕಿಬಿದ್ದಿದ್ದಳು. ಅವಳ ಕೈಗೆ ಬೆಂಕಿಪೊಟ್ಟಣ ಮತ್ತೆ ಬರಲೇ ಇಲ್ಲ.

ನಿಯಮ ಕಾಯುವವರು ಅತ್ತೆಯ ತಮ್ಮ, ನನ್ನ ಗಂಡನ ಸೋದರಮಾವ. ಸಭೆಯ ಹಿರಿಯರಲ್ಲಿ ಅವರೇ ಮುಖ್ಯರು. ಧಾನ್ಯದ ಉಗ್ರಾಣದಲ್ಲಿ ತೂಕ ಹಾಕುವ ಕೆಲಸ. ಊರೆಲ್ಲ ಅವರನ್ನು ತಕ್ಕಡಿ ಎಂದೇ ಕರೆಯುತ್ತಿತ್ತು. ಎದುರಿಗಲ್ಲ.

ಆ ಉಗ್ರಾಣದ ಹಿಂದಿನ ಬಯಲಿಗೇ ಸರ್ಕಸ್ಸು ಬಂತು.

ಸೋಮವಾರ ಬೆಳಗ್ಗೆ ಸರ್ಕಸ್ಸಿನ ಬ್ಯಾಂಡ್ ಮೇಷ್ಟ್ರು ಒಂದು ಸೋರುವ ಕೊಳಗ ಹಿಡಿದು ನಮ್ಮ ಅಂಗಡಿಗೆ ಬಂದರು. ದಪ್ಪ ಮನುಷ್ಯ, ಕೆಂಪು ಕೋಟು, ಒಂದು ಗುಂಡಿ ಇಲ್ಲ. ಗೋಡೆಯ ಮೊಳೆಗೆ ನೇತುಹಾಕಿದ್ದ ತುತ್ತೂರಿ ಕಂಡು ಕೊಳಗ ಮರೆತರು.

"ಇದ್ಯಾರದು?"

"ಸಭೇದು. ಊದೋನು ನಾನು."

"ಒಂದು ಸ್ವಲ್ಪ ಊದಿ, ಕೇಳೋಣ."

ಇವರು ಊದಿದರು. ಮೇಷ್ಟ್ರು ಕಣ್ಣು ಮುಚ್ಚಿ ಕೇಳಿದರು. ಕಣ್ಣು ಬಿಟ್ಟವರೇ ಕೈ ಹಿಡಿದುಕೊಂಡರು.

"ನಮ್ಮ ತುತ್ತೂರಿಯವನಿಗೆ ಹಲ್ಲು ಹುಳುಕಾಗಿ ದವಡೆ ಇಷ್ಟು ದಪ್ಪ ಆಗಿದೆ. ಬಾಯೇ ತೆಗೆಯೋಕಾಗ್ತಿಲ್ಲ. ಶನಿವಾರದವರೆಗೆ ಬಂದುಬಿಡಿ ಸ್ವಾಮಿ. ತುತ್ತೂರಿ ಇಲ್ಲದಿದ್ದರೆ ಕುದುರೆ ಕೂಡ ಕಾಲೆತ್ತಲ್ಲ."

"ನನಗೆ ಕೀರ್ತನೆ ಬಿಟ್ಟು ಇನ್ನೇನೂ ಬರಲ್ಲ."

"ಕುದುರೆಗೆ ಏನು ಗೊತ್ತಾಗುತ್ತೆ? ಎಂಟು ಎಣಿಕೆ ಸರಿಯಿದ್ದರೆ ಸಾಕು. ಎರಡರಷ್ಟು ಬೇಗ ಊದಿ."

ಮಧ್ಯಾಹ್ನ ಊಟಕ್ಕೆ ಬಂದವರು ತಟ್ಟೆಯ ಮುಂದೆ ಕೂತು ಊಟ ಮಾಡಲಿಲ್ಲ. ಬೆರಳು ತಟ್ಟೆಯ ಅಂಚಿನ ಮೇಲೆ ಕುಣಿಯುತ್ತಿತ್ತು. ಆಮೇಲೆ ಹೇಳಿದರು. ಅತ್ತೆ ಕೈಯಲ್ಲಿದ್ದ ಸೌಟು ಕೆಳಗಿಟ್ಟರು.

"ಲೋಕದ ವಿನೋದ ಕಣೋ ಅದು."

"ಹಾಡು ದೇವರದು ಅಮ್ಮಾ. ಊದೋನು ನಾನು. ಕುಣಿಯೋದು ಕುದುರೆ. ಇದರಲ್ಲಿ ಪಾಪ ಎಲ್ಲಿದೆ ಹೇಳು?"

"ನೋಡೋದರಲ್ಲಿದೆ."

"ನಾನು ನೋಡಲ್ಲ. ಬೆನ್ನು ಮಾಡಿ ಕೂತ್ಕೋತೀನಿ."

"ನಿನ್ನ ಮುಖ ನೋಡಿದರೇ ಗೊತ್ತಾಗುತ್ತೆ. ವಿನೋದ ಆಗಲೇ ಶುರುವಾಗಿದೆ," ಎಂದರು ಅತ್ತೆ.

ನನ್ನನ್ನು ಕೇಳಿದರು. ಹೋಗಿ ಎಂದೆ. ನನಗೆ ಆಗ ಇಪ್ಪತ್ತೆಂಟು ವರ್ಷ. ಮದುವೆಯಾದ ಮೇಲೆ ಅಂಗಡಿ, ಮನೆ, ಸಭೆ, ಇಷ್ಟೇ ನೋಡಿದ್ದೆ. ಅವರ ಕಣ್ಣಿನಿಂದಲಾದರೂ ಕುದುರೆ ನೋಡೋಣ ಅನಿಸಿತು.

ಸೋಮವಾರ ಬೆನ್ನು ಮಾಡಿ ಕೂತರು. ಮಂಗಳವಾರ ಸ್ಟೂಲು ಸ್ವಲ್ಪ ತಿರುಗಿತು. ಬುಧವಾರ ಪೂರ್ತಿ ತಿರುಗಿತು. ಅದನ್ನೂ ಅವರೇ ಹೇಳಿದರು, ಮುಚ್ಚಿಡಲಿಲ್ಲ. ದಿನಾ ಆರೂವರೆಗೆ ಆಟ ಮುಗಿಸಿ ಬಂದು ಮನೆಯಲ್ಲಿ ಎಲ್ಲ ಮಾಡಿ ತೋರಿಸುತ್ತಿದ್ದರು. ಕುರ್ಚಿ ಸುತ್ತ ಕುದುರೆಯ ಹಾಗೆ ಓಡಿದರು. ಜೋಕರು ಏಣಿಯ ಮೇಲಿಂದ ಬೀಳುವುದನ್ನು ತೋರಿಸಲು ಹೋಗಿ ನಿಜವಾಗಿಯೂ ಬಿದ್ದು ಮೊಣಕೈ ತರಚಿಕೊಂಡರು. ಅತ್ತೆ ಗೋಡೆಗೆ ಮುಖ ಮಾಡಿ ಕೂತಿದ್ದರು. ಬೆನ್ನು ಅಲುಗಾಡುತ್ತಿತ್ತು. ನಗುತ್ತಿದ್ದರು.

ಸಭೆಯವರಿಗೆ ಹೇಳಬೇಡವೇ ಎಂದು ಕೇಳಿದೆ.

"ಕೇಳಿದರೆ ಹೇಳ್ತೀನಿ. ಯಾರು ಕೇಳ್ತಾರೆ? ನಮ್ಮವರು ಯಾರೂ ಆ ಕಡೆ ತಲೆ ಹಾಕಲ್ಲ."

ಹಾಗೆಂದು ಅವರು ನಂಬಿದ್ದರು. ಇಡೀ ಸಭೆಯಲ್ಲಿ ಹಾಗೆ ನಂಬಿದ್ದವರು ಅವರೊಬ್ಬರೇ.

ಗುರುವಾರ ಬಂದಾಗ ಮುಖ ಸಣ್ಣದಾಗಿತ್ತು. ಶುಕ್ರವಾರದಿಂದ ಶುರುವಾಗಬೇಕಿದ್ದ ಜೋಕಾಲಿ ಆಟದ ಹುಡುಗಿ ಅಭ್ಯಾಸದಲ್ಲಿ ಬಲೆಗೆ ಬಿದ್ದಿದ್ದಳು. ಮೇಲೆ ಎರಡು ಜೋಕಾಲಿ. ಒಂದರಲ್ಲಿ ಅವಳ ಅಣ್ಣ ತಲೆಕೆಳಗಾಗಿ ನೇತಾಡುತ್ತಾನೆ. ಇನ್ನೊಂದರಿಂದ ಇವಳು ಬಿಟ್ಟು ಗಾಳಿಯಲ್ಲಿ ಎರಡು ಸುತ್ತು ಸುತ್ತಿ ಅವನ ಕೈ ಹಿಡಿಯಬೇಕು. ಕಣ್ಣಿಗಿಂತ ಕಿವಿಯನ್ನೇ ನಂಬಿ ಬಿಡುತ್ತಾಳಂತೆ. ಇವರು ಊದಿದ ಕೀರ್ತನೆಯಲ್ಲಿ ಅವಳಿಗೆ ಎಣಿಕೆ ಸಿಗಲಿಲ್ಲ. ಬಲೆಯಿಂದ ಇಳಿದು ನೇರ ಇವರ ಹತ್ತಿರ ಬಂದಳಂತೆ.

"ಅಣ್ಣಾ, ನನಗೆ ಮೂರು ಉದ್ದ ಬೇಕು. ಅದರಲ್ಲಿ ತೂಗಿಕೊಳ್ತೀನಿ. ಆಮೇಲೆ ಪಟಪಟ ಅಂತ ಚಿಕ್ಕವು. ಮೊದಲನೇ ಚಿಕ್ಕದಕ್ಕೆ ಬಿಡ್ತೀನಿ. ಅಂಥದ್ದು ನಿಮ್ಮ ಹತ್ತಿರ ಇಲ್ವಾ?"

ನೂರಹನ್ನೆರಡರಲ್ಲಿ ಅಂಥದ್ದು ಒಂದೇ ಇತ್ತು.

"ಪ್ರವೇಶದ ಕೀರ್ತನೆಯಾ?" ಎಂದೆ.

"ಇನ್ನೇನು ಮಾಡ್ಲಿ? ಅವಳು ಮತ್ತೆ ಬಿದ್ದರೆ? ಬಲೆ ಹಳೇದು, ನಾನು ನೋಡಿದ್ದೀನಿ." ಆಮೇಲೆ ನಗು ಬಂತು ಅವರಿಗೆ. "ಅಲ್ಲಿ ಏಳೋರು ಯಾರಿದ್ದಾರೆ? ನಾಳೆಗೆ ಮೇಷ್ಟ್ರು ಎರಡು ಪಾಸು ಕೊಟ್ಟಿದ್ದಾರೆ. ನೀನು ಬಾ. ಕಾಲು ಬಿಗಿಯಾಗಿ ಹಿಡ್ಕೋ."

ಎರಡನೇ ಪಾಸು ಅತ್ತೆ ತೆಗೆದುಕೊಂಡರು.

"ಇವಳೊಬ್ಬಳೇ ಹೋದರೆ ಏನೇನು ನೋಡ್ತಾಳೋ. ಕಾಯೋಕೆ ನಾನು ಹೋಗ್ತೀನಿ," ಎಂದು ಪೆಟ್ಟಿಗೆಯಿಂದ ಕನ್ನಡಕ ತೆಗೆದರು.

"ನನ್ನ ಕಾಯೋಕೆ ಕನ್ನಡಕ ಯಾಕೆ ಅತ್ತೆ?"

"ಬಾಯಿ ಮುಚ್ಚಿಕೊಂಡು ಶಾಲು ತಗೋ. ತಲೆ ಮುಚ್ಚಿಕೊಂಡು ಹೋಗೋಣ."

ಶುಕ್ರವಾರ ಐದು ಗಂಟೆ ಆಟ. ಗುಡಾರದೊಳಗೆ ಮರದ ಹೊಟ್ಟಿನ ವಾಸನೆ, ಕುದುರೆ ವಾಸನೆ, ಬೆವರು. ಬಿಸಿಲಿಗೆ ಬಟ್ಟೆ ಹಳದಿಯಾಗಿ ಹೊಳೆಯುತ್ತಿತ್ತು. ನಾವು ಹಿಂದಿನ ಸಾಲಿನ ಮೂಲೆಯಲ್ಲಿ ಕೂತೆವು. ಅಷ್ಟು ಸೆಖೆಯಲ್ಲೂ ಅಲ್ಲಲ್ಲಿ ಜನ ತಲೆಗೆ ಶಾಲು, ಟವೆಲ್ಲು, ಟೊಪ್ಪಿಗೆ ಹಾಕಿಕೊಂಡು ಕೂತಿದ್ದರು. ಯಾಕೆಂದು ನನಗೆ ಹೊಳೆಯಲಿಲ್ಲ.

ಕುದುರೆಗಳು ಬಂದವು. ಆರು ಬಿಳಿ ಕುದುರೆ. ನನ್ನ ಗಂಡ ಸುಗ್ಗಿಯ ಸ್ತೋತ್ರದ ಕೀರ್ತನೆಯನ್ನು ಓಡಿಸಿದರು. ಆ ಕೀರ್ತನೆ ಅಷ್ಟು ಚೆನ್ನಾಗಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಕುದುರೆಗಳು ಅದಕ್ಕೆ ತಲೆ ಆಡಿಸಿಕೊಂಡು ಸುತ್ತಿದವು. ನಾನು ಅತ್ತೆಯ ತೊಡೆ ಹಿಂಡುತ್ತಿದ್ದೆ. ಅತ್ತೆ ನನ್ನ ಕೈ ಕಿತ್ತು ಬಿಸಾಡಲಿಲ್ಲ. ಜೋಕರು ಬಿದ್ದ. ಮನೆಯಲ್ಲಿ ಇವರು ಬಿದ್ದದ್ದೇ ಚೆನ್ನಾಗಿತ್ತು. ಆದರೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷ ಈ ನಗು ಎಲ್ಲಿತ್ತು ಎಂದುಕೊಂಡೆ.

ಕೊನೆಗೆ ಜೋಕಾಲಿ ಹುಡುಗಿ ಹಗ್ಗದ ಏಣಿ ಹತ್ತಿದಳು. ಹತ್ತುತ್ತಲೇ ಇದ್ದಳು. ಮೇಲೆ ಹೋದಂತೆ ಚಿಕ್ಕವಳಾದಳು. ಅವಳ ಅಣ್ಣ ಆಚೆ ಕಡೆ ತಲೆಕೆಳಗಾಗಿ ಕೈ ಬಿಟ್ಟ. ಗುಡಾರದಲ್ಲಿ ಕೆಮ್ಮೂ ಇಲ್ಲ.

"ಕಾಲು ಹಿಡ್ಕೋ," ಎಂದರು ಅತ್ತೆ.

ಎರಡೂ ಕೈಯಿಂದ ಬೆಂಚು ಹಿಡಿದುಕೊಂಡೆ.

ತುತ್ತೂರಿ ಬಂತು. ಒಂದು. ಎರಡು. ಮೂರು.

ನಾನು ನಿಂತಿದ್ದೆ. ಯಾವಾಗ ಎದ್ದೆನೋ ಗೊತ್ತಿಲ್ಲ. ಅತ್ತೆಯೂ ನಿಂತಿದ್ದರು. ನಾಚಿಕೆಯಿಂದ ಸುತ್ತ ನೋಡಿದೆ. ಅಯ್ಯೋ! ಅಲ್ಲಿ ಇಬ್ಬರು, ಇಲ್ಲಿ ಐವರು, ಆಚೆ ಒಂದು ಸಾಲಿಗೆ ಸಾಲೇ ಎದ್ದು ನಿಂತಿತ್ತು. ಶಾಲುಗಳು ಜಾರಿ ಬಿದ್ದವು. ಬ್ರೆಡ್ಡು ಸುಡುವವನು, ಅವನ ಹೆಂಡತಿ. ಶಾಲೆಯ ಟೀಚರಮ್ಮ. ಪ್ರತಿ ಭಾನುವಾರ ಕಣ್ಣೀರಿಟ್ಟು ಪ್ರಾರ್ಥಿಸುವ ದರ್ಜಿ. ಎಲ್ಲರೂ ನಮ್ಮವರೇ. ಎಲ್ಲರೂ ತಲೆ ತಗ್ಗಿಸಿ ಕೈ ಕಟ್ಟಿ, ಥೇಟ್ ಭಾನುವಾರದ ಹಾಗೆ.

ಮತ್ತೆ ಎಲ್ಲರಿಗಿಂತ ಮುಂದಿನ ಸಾಲಿನಲ್ಲಿ ತಕ್ಕಡಿ ಮಾವ. ಕೈ ಕಟ್ಟಿಕೊಂಡಿದ್ದರು. ಕಟ್ಟಿದ ಕೈಯ ನಡುವೆ ಕಡಲೆಕಾಯಿ ಪೊಟ್ಟಣ.

"ಕೂತ್ಕೊಳ್ರೋ! ಏನೂ ಕಾಣಿಸ್ತಿಲ್ಲ!" ನಿಂತವರ ಹಿಂದಿನಿಂದ ಯಾರೋ ಕೂಗಿದರು. ಏನೋ ದೊಡ್ಡದು ನಡೆಯುತ್ತಿದೆ ಎಂದುಕೊಂಡು ಬೇರೆಯವರೂ ಎದ್ದರು. ಗದ್ದಲವಾಯಿತು. ಮೇಲೆ ಹುಡುಗಿ ಕೆಳಗೆ ನೋಡಿದಳು. ಎಣಿಕೆ ತಪ್ಪಿತು. ಬಿಡಬೇಕಾದಲ್ಲಿ ಬಿಡಲಿಲ್ಲ. ಜೋಕಾಲಿ ವಾಪಸ್ಸು ಬಂತು.

ಬ್ಯಾಂಡಿನ ಕಟ್ಟೆ ಎತ್ತರದಲ್ಲಿತ್ತು. ಅಲ್ಲಿಂದ ನನ್ನ ಗಂಡನಿಗೆ ಎಲ್ಲ ಕಾಣುತ್ತಿತ್ತು. ಮಾವನ ಮುಖ ಅವರ ನೇರಕ್ಕೇ ಇತ್ತು. ಇವರ ಮುಖ ಬಿಳಿಚಿಕೊಂಡಿತು. ತುತ್ತೂರಿ ಹೋಯಿತು ಎಂದು ಆ ಕ್ಷಣವೇ ಗೊತ್ತಾಗಿತ್ತು ಅವರಿಗೆ. ಅಲ್ಲಿಂದ ಇಳಿದು ಓಡಬಹುದಿತ್ತು. ಓಡಿ ಎಂದು ನಾನೇ ಮನಸ್ಸಿನಲ್ಲಿ ಕೂಗಿದೆ. ಮೇಷ್ಟ್ರ ಕೋಲು ಗಾಳಿಯಲ್ಲಿ ನಿಂತುಬಿಟ್ಟಿತ್ತು.

ಅವರು ಮಾವನ ಕಡೆಯಿಂದ ಕಣ್ಣು ತೆಗೆದು ಮೇಲಕ್ಕೆ ನೋಡಿದರು. ಹುಡುಗಿ ತೂಗುತ್ತಿದ್ದಳು. ಕಾಯುತ್ತಿದ್ದಳು. ಅವರು ಉಸಿರೆಳೆದುಕೊಂಡು ಮತ್ತೆ ಮೊದಲಿನಿಂದ ಶುರು ಮಾಡಿದರು. ಮೂರು ಉದ್ದ. ಅಷ್ಟು ಉದ್ದ ಅವರು ಯಾವ ಭಾನುವಾರವೂ ಊದಿರಲಿಲ್ಲ. ಮೊದಲನೇ ಉದ್ದಕ್ಕೆ ಅವಳು ಹಿಂದೆ ಹೋದಳು. ಎರಡನೆಯದಕ್ಕೆ ಮುಂದೆ. ಮೂರನೆಯದಕ್ಕೆ ಹಿಂದೆ, ಎತ್ತರಕ್ಕೆ, ಗುಡಾರದ ಬಟ್ಟೆಗೆ ಕಾಲು ತಾಗುವಷ್ಟು ಎತ್ತರಕ್ಕೆ. ಆಮೇಲೆ ಚಿಕ್ಕವು ಸಿಡಿದವು.

ಬಿಟ್ಟಳು.

ಒಂದು ಸುತ್ತು. ಎರಡು ಸುತ್ತು. ಅಣ್ಣನ ಕೈ. ಹಿಡಿದ!

ಗುಡಾರ ಹಾರಿಹೋಗುವ ಹಾಗೆ ಜನ ಕೂಗಿದರು. ಇವರು ನಿಲ್ಲಿಸಲಿಲ್ಲ. ಶುರು ಮಾಡಿದ ಕೀರ್ತನೆ ಮುಗಿಸಿದರು. ಮುಗಿದ ಕೂಡಲೇ ಗುಡಾರದ ನಾಲ್ಕೂ ಮೂಲೆಯಿಂದ ಒಂದೇ ದನಿಯಲ್ಲಿ ಬಂತು, "ಆಮೆನ್!"

ಎಲ್ಲರಿಗಿಂತ ಜೋರಾಗಿ ಅಂದವರು ಮಾವ.

ಆಮೇಲೆ ನಮ್ಮವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಶಾಲು ಹುಡುಕಿದರು. ಬಾಗಿಲಲ್ಲಿ ಮಾವ ಅತ್ತೆಗೆ ಡಿಕ್ಕಿ ಹೊಡೆದರು.

"ಏನೋ ತಮ್ಮಾ, ನೀನಿಲ್ಲಿ?"

"ಯಾರ್ಯಾರು ಬರ್ತಾರೆ ಅಂತ ನೋಡೋಕೆ ಬಂದೆ ಅಕ್ಕಾ. ನೀನು?"

"ಸೊಸೇನ ಕಾಯೋಕೆ."

"ಸರಿ."

"ಸರಿ." ಅತ್ತೆ ಎರಡು ಹೆಜ್ಜೆ ಹೋಗಿ ತಿರುಗಿದರು. "ಹುಡುಗಿ ಚೆನ್ನಾಗಿ ಹಾರಿದಳು, ಅಲ್ವೇನೋ?"

"ಹೂಂ," ಎಂದರು ಮಾವ. ಆಮೇಲೆ ನೆನಪಾಗಿ, "ನಾನು ನೋಡಲಿಲ್ಲ."

ಶನಿವಾರ ಬೆಳಗ್ಗೆ ಊರಿನಲ್ಲಿ ಬೇರೆ ಮಾತಿಲ್ಲ. ಕ್ಷೌರದಂಗಡಿಯಲ್ಲಿ ಯಾರೋ ಬಾಯಲ್ಲೇ ತುತ್ತೂರಿ ಊದುವುದು, ಕ್ಯೂನಲ್ಲಿದ್ದವರೆಲ್ಲ ಎದ್ದು ಆಮೆನ್ ಎನ್ನುವುದು, ಎಲ್ಲರೂ ನಗುವುದು. ಸಂಜೆ ನಾಲ್ಕು ಗಂಟೆಗೆ ಸಭೆ ಸೇರಬೇಕು ಎಂದು ಅಯ್ಯನವರು ಹೇಳಿ ಕಳಿಸಿದರು. ಅಯ್ಯನವರು ಎಂದರೆ ನಮ್ಮ ಸಭಾಪಾಲಕರು. ವಯಸ್ಸಾದವರು, ಆ ವಾರವೆಲ್ಲ ಜ್ವರದಲ್ಲಿ ಮಲಗಿದ್ದರು.

ಹತ್ತು ಗಂಟೆಗೆ ಮಾವ ಅಂಗಡಿಗೆ ಬಂದರು. ನಾನು ಇದ್ದಿಲು ತುಂಬಿಸುತ್ತಿದ್ದೆ. ನನ್ನ ಕಡೆ ನೋಡಲಿಲ್ಲ.

"ನೋಡೋ, ನೀನು ಅಲ್ಲಿ ಇರಲಿಲ್ಲ ಅಂದುಬಿಡು. ಅವರ ಬ್ಯಾಂಡಿನವನೇ ಊದಿದ, ರಾಗ ಒಂದೇ ಥರ ಇತ್ತು, ಜನ ಮೋಸ ಹೋದರು. ಅಷ್ಟೇ. ವಿಷಯ ಮುಂದಕ್ಕೆ ಹೋಗದ ಹಾಗೆ ನಾನು ನೋಡ್ಕೋತೀನಿ."

"ಇದ್ದೆನಲ್ಲ ಮಾವ."

"ಇದ್ದೆ ಅಂದರೆ ತುತ್ತೂರಿ ಹೋಗುತ್ತೆ ಕಣೋ. ಆಮೇಲೆ ಯಾರಿಗೆ ಕೊಡ್ತಾರೋ ಏನೋ. ನಿನಗೆ ವಾಪಸ್ಸು ಬರುತ್ತೆ ಅನ್ಕೊಂಡಿದ್ದೀಯಾ?"

ಇವರು ಕತ್ತರಿಸುತ್ತಿದ್ದ ತಗಡನ್ನು ಕೆಳಗಿಟ್ಟರು. ಗೋಡೆಯ ಮೊಳೆ ನೋಡಿದರು.

"ಕೇಳಿದರೆ ಹೇಳ್ತೀನಿ ಅಂತ ಇವಳಿಗೆ ಹೇಳಿದ್ದೆ. ಈಗ ಕೇಳ್ತಿದ್ದಾರೆ. ನಿಮ್ಮ ವಿಷಯ ನಾನು ಬಾಯಿ ಬಿಡಲ್ಲ ಮಾವ. ಅದು ನಿಮಗೆ ಬಿಟ್ಟಿದ್ದು."

ಮಾವ ಹೊರಟುಹೋದರು.

ನಾಲ್ಕು ಗಂಟೆಗೆ ಮಂದಿರ ತುಂಬಿತ್ತು. ಬೆಂಚುಗಳ ಮೇಲೆ ಅರವತ್ತು ಜನ. ಅಯ್ಯನವರು ಕಂಬಳಿ ಹೊದ್ದುಕೊಂಡು ಕುರ್ಚಿಯಲ್ಲಿ ಕೂತಿದ್ದರು. ನನ್ನ ಗಂಡ ತುತ್ತೂರಿ ಹಿಡಿದು ಮುಂದೆ ನಿಂತರು. ಒಬ್ಬರೇ. ನಾನು ಜೊತೆಗೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಕಾಲು ಬರಲಿಲ್ಲ. ತುತ್ತೂರಿ ಊದಿದರೆ ತಾವಾಗಿ ಏಳುವ ಕಾಲು ಅವರಿಗಾಗಿ ಏಳಲಿಲ್ಲ. ಅವರು ಹೋದ ಮೇಲೆ ಈ ಎಂಟು ತಿಂಗಳಿಂದ ಇದೇ ನನ್ನನ್ನು ಚುಚ್ಚುತ್ತದೆ.

"ಸರ್ಕಸ್ಸಿನಲ್ಲಿ ಊದಿದ್ದು ನೀನೇನಾ?" ಅಯ್ಯನವರು ಕೇಳಿದರು.

"ನಾನೇ ಅಯ್ಯಾ. ಐದು ದಿನ."

"ದೇವರ ಹಾಡನ್ನು ಅಲ್ಲಿಗೆ ತಗೊಂಡು ಹೋದೆ."

"ಬೇರೆ ಹಾಡು ನನ್ನ ಹತ್ತಿರ ಇರಲಿಲ್ಲ. ದೇವರ ಹಾಡಾದರೆ ತಪ್ಪಲ್ಲ ಅನ್ಕೊಂಡೆ. ತಪ್ಪೇ ಇರಬಹುದು. ನನಗೆ ಓದು ಕಮ್ಮಿ."

"ಅಲ್ಲಿ ದೇವರನ್ನ ಮರೆತೆಯಾ?"

ಇವರು ಯೋಚನೆ ಮಾಡಿದರು. ನಾನು ಮನಸ್ಸಿನಲ್ಲೇ ಹೇಳುತ್ತಿದ್ದೆ, ಇಲ್ಲ ಅಂದುಬಿಡಿ, ಇಲ್ಲ ಅಂದುಬಿಡಿ.

"ಒಂದು ಸಲ ಮರೆತೆ. ಅವಳು ಎರಡೂ ಕೈ ಬಿಟ್ಟಾಗ. ಆಗ ನನಗೆ ಯಾರೂ ನೆನಪಿರಲಿಲ್ಲ. ಅಣ್ಣ ಹಿಡಿದ ಕೂಡಲೇ ನೆನಪಾಯಿತು. ಮನಸ್ಸಲ್ಲೇ ಸ್ತೋತ್ರ ಅಂದೆ."

"ಸಂತೋಷ ಆಯ್ತಾ?"

"ಆಯ್ತು ಅಯ್ಯಾ. ತುಂಬಾ. ಅದು ತಪ್ಪಾದರೆ ತಪ್ಪು ಮಾಡಿದ್ದೀನಿ."

"ನಮ್ಮವರು ಇನ್ಯಾರಿದ್ದರು ಅಲ್ಲಿ?"

"ನನ್ನ ಕಣ್ಣು ಮೇಲಿತ್ತು."

ಅರವತ್ತು ಜನರೂ ನೆಲ ನೋಡುತ್ತಿದ್ದರು. ಅಯ್ಯನವರು ಮಾವನ ಕಡೆ ತಿರುಗಿ, "ನಿಯಮ ಓದಿ," ಎಂದರು.

ಮಾವ ಎದ್ದು ಹಲಗೆಯ ಹತ್ತಿರ ಹೋದರು. ಕುಡಿತ, ಜೂಜು, ನಾಟಕ ಎಂದು ಓದಿದರು. ಲೋಕದ ಇತರ ಎನ್ನುವಲ್ಲಿ ನಿಂತರು. ಮತ್ತೆ ಲೋಕದ ಇತರ ಎಂದರು. ಮತ್ತೆ ನಿಂತರು. ತಿರುಗಿದರು.

"ಅಯ್ಯನವರೇ, ಮೂವತ್ತು ವರ್ಷದಿಂದ ತೂಕ ಹಾಕ್ತಿದ್ದೀನಿ. ಒಂದೇ ಕಡೆ ಕಲ್ಲಿಟ್ಟು ತೂಗೋಕೆ ನನಗೆ ಬರಲ್ಲ. ನಾನೂ ಇದ್ದೆ. ಮುಂದಿನ ಸಾಲು. ತಲೆಗೆ ಟವೆಲ್ಲು ಹಾಕ್ಕೊಂಡು ನಾಲ್ಕು ದಿನ ಹೋಗಿದ್ದೀನಿ."

"ನಾಲ್ಕು ದಿನವಾ!" ಅತ್ತೆ ಕಿರುಚಿಕೊಂಡರು. "ನಾನು ಒಂದೇ ದಿನ ಹೋಗಿದ್ದು!"

ಅಂದಮೇಲೆ ಬಾಯಿ ಮುಚ್ಚಿಕೊಂಡರು. ತಡವಾಗಿತ್ತು. ದರ್ಜಿ ಮೊದಲು ಪಕ್ಕನೆ ನಕ್ಕ. ಬ್ರೆಡ್ಡಿನವನ ಹೆಂಡತಿ ನಕ್ಕಳು. ತಡೆದುಕೊಳ್ಳಲಾಗದೆ ಮಂದಿರವೆಲ್ಲ ನಕ್ಕಿತು. ನಗುತ್ತಲೇ ಒಬ್ಬೊಬ್ಬರಾಗಿ ಎದ್ದರು. ನಾನೂ ಎದ್ದೆ. ಟೀಚರಮ್ಮ ಎಣಿಸಿದರು. ಅರವತ್ತರಲ್ಲಿ ನಲವತ್ತೊಂದು.

ಅಯ್ಯನವರು ನಗಲಿಲ್ಲ. ಕಂಬಳಿ ಎಳೆದುಕೊಂಡರು.

"ನಿನ್ನೆ ಸಂಜೆ ಕಿಟಕಿಯಿಂದ ಮೂರು ಸ್ವರ ಕೇಳಿಸಿತು. ಆರಾಧನೆಗೆ ತಡವಾಯಿತು ಅಂತ ಹಾಸಿಗೆ ಮೇಲೆ ಎದ್ದು ನಿಂತೆ. ಪಂಚೆ ಹುಡುಕಿದೆ. ಆಮೇಲೆ ಇವತ್ತು ಶುಕ್ರವಾರ ಅಲ್ವಾ ಅನಿಸಿತು." ಈಗ ಅವರ ತುಟಿ ಅಲುಗಿತು. "ಆದರೂ ಆಮೆನ್ ಅಂದೇ ಮಲಗಿದೆ."

ಮತ್ತೆ ಗಂಭೀರವಾದರು.

"ನಕ್ಕಿದ್ದು ಪಾಪ ಅಂತ ನಾನು ಹೇಳಲಾರೆ. ನನಗೆ ಗೊತ್ತಿಲ್ಲ. ಸಾಯೋವರೆಗೂ ಗೊತ್ತಾಗಲ್ಲವೋ ಏನೋ. ಆದರೆ ಮಾತು ಕೊಟ್ಟಿದ್ದಿರಿ, ಮುರಿದಿರಿ. ತಲೆಗೆ ಬಟ್ಟೆ ಹಾಕ್ಕೊಂಡು ಹೋದಿರಿ. ಆ ನಿಯಮ ಬೇಡವಾದರೆ ಇಲ್ಲಿ ಕೂತು ಜಗಳ ಆಡಿ, ಹಲಗೆಯಿಂದ ತೆಗೆಸಿ. ತೆಗೆಯೋವರೆಗೂ ಅದು ಇದೆ. ಮೂರು ತಿಂಗಳು. ನಲವತ್ತೊಂದು ಜನಕ್ಕೂ, ಊದಿದವನಿಗೂ."

ನನ್ನ ಗಂಡ ತುತ್ತೂರಿಯನ್ನು ಮೇಜಿನ ಮೇಲಿಡಲು ಬಾಗಿದರು.

"ಯಾರು ಇಡು ಅಂದರು?" ಅಯ್ಯನವರು ಕೇಳಿದರು. "ಶಿಕ್ಷೆ ಶುರುವಾಗೋದು ಆರಾಧನೆಯಿಂದ. ಆರಾಧನೆ ನಾಳೆ. ತುತ್ತೂರಿ ನಾಳೆ ಬೆಳಗ್ಗೆ ಇಲ್ಲಿರಬೇಕು."

ಇವರು ಬಾಗಿಕೊಂಡೇ ನಿಂತರು. ಅರ್ಥವಾಗಲಿಲ್ಲ. ಕಿಟಕಿಯ ಆಚೆ ಗುಡಾರದ ತುದಿಯ ಬಾವುಟ ಕಾಣುತ್ತಿತ್ತು. ಅಂದೇ ಕೊನೆಯ ಆಟ, ಐದಕ್ಕೆ. ಗಂಟೆ ಆಗಲೇ ನಾಲ್ಕೂವರೆ.

"ನಾಳೆ ಅಂದರು ಕಣೋ!" ಅತ್ತೆ ಬೆಂಚು ದಾಟಿ ಬಂದು ಮಗನ ಬೆನ್ನಿಗೆ ಗುದ್ದಿದರು. "ಆ ಹುಡುಗಿ ಮೇಲೆ ಹತ್ತಿ ಕೂತಿರ್ತಾಳೆ! ಓಡು!"

ಓಡಿದರು. ತುತ್ತೂರಿಯನ್ನು ಎದೆಗವಚಿಕೊಂಡು, ಒಂದು ಚಪ್ಪಲಿ ದಾರಿಯಲ್ಲಿ ಬಿಟ್ಟು ಓಡಿದರು. ನಾವೂ ಹಿಂದೆ ಓಡಿದೆವು. ಚಪ್ಪಲಿ ನಾನು ಎತ್ತಿಕೊಂಡೆ. ಯಾರ ತಲೆಯ ಮೇಲೂ ಶಾಲಿಲ್ಲ. ನಮ್ಮಲ್ಲಿ ಅರ್ಧ ಜನ ಗುಡಾರದ ಬಾಗಿಲವರೆಗೆ ಬಂದು, ಬೇಡ, ಸಾಕು, ಎಂದು ಹೊರಗೇ ನಿಂತರು. ಮಾವ ಕೂಡ ಒಳಗೆ ಹೋಗಲಿಲ್ಲ. ಬಯಲಿನಲ್ಲಿ ಕೈ ಕಟ್ಟಿ ನಿಂತರು. ನಾನು ಒಳಗೆ ಹೋದೆ. ಇದನ್ನು ಯಾರ ಹತ್ತಿರವೂ ಮುಚ್ಚಿಟ್ಟಿಲ್ಲ. ಆ ದಿನ ಹುಡುಗಿ ಮೂರು ಸುತ್ತು ಸುತ್ತಿದಳು. ಮೂರು! ಬಟ್ಟೆಯ ಆಚೆಯಿಂದ ಮಾವ ಕೂಗಿ ಕೇಳುತ್ತಿದ್ದರು, "ಹಿಡಿದನಾ? ಹಿಡಿದನಾ?"

ಭಾನುವಾರ ಬೆಳಗ್ಗೆ ಇವರು ತುತ್ತೂರಿಯನ್ನು ಬೂದಿ ಹಾಕಿ ಉಜ್ಜಿ ಹೊಳೆಯಿಸಿದರು. ಮಂದಿರಕ್ಕೆ ಹೋಗಿ ಮೇಜಿನ ಮೇಲಿಟ್ಟರು. ಹಿಂದಿನ ಬೆಂಚುಗಳು ತುಂಬಿ ಹೋಗಿದ್ದವು. ಮುಂದೆ ಹತ್ತೊಂಬತ್ತು ಜನ. ಅವರಲ್ಲೊಬ್ಬರು ತುತ್ತೂರಿಯನ್ನು ತಿರುಗಿಸಿ ನೋಡುತ್ತ, ತಮ್ಮ ಅಳಿಯ ಬೇರೆ ಊರಿನಲ್ಲಿ ಕಲಿತಿದ್ದಾನೆ, ಅವನಿಗೆ ಕೊಡಿಸಬಹುದು ಎಂದರು. ನನಗೆ ಕೇಳಿಸಿತು. ಇವರಿಗೂ ಕೇಳಿಸಿತು.

ಇವರು ನನ್ನ ಪಕ್ಕ ಬಂದು ಕೂತು ಜೇಬಿಗೆ ಕೈ ಹಾಕಿದರು. ಮುಖ ಬದಲಾಯಿತು. ಬಾಯಿಗೆ ಇಟ್ಟು ಊದುವ ಹಿತ್ತಾಳೆಯ ತುದಿ ಜೇಬಿನಲ್ಲೇ ಉಳಿದಿತ್ತು. ತೊಳೆಯಲು ಬಿಚ್ಚಿದ್ದು, ಹಾಕಲು ಮರೆತಿದ್ದರು.

"ಇರಲಿ ಬಿಡಿ," ಎಂದು ಪಿಸುಗುಟ್ಟಿದೆ. "ಯಾರೂ ಕೇಳಲಿಲ್ಲ."

"ಇದು ಸಭೇದು ಕಣೇ."

ಎದ್ದು ಎಲ್ಲರ ಮುಂದೆ ನಡೆದುಕೊಂಡು ಹೋಗಿ ಅದನ್ನು ಅಯ್ಯನವರ ಕೈಗೆ ಕೊಟ್ಟರು. ಅಯ್ಯನವರು ಅಂಗೈಯಲ್ಲಿ ಇಟ್ಟುಕೊಂಡು ನೋಡಿದರು.

"ಇದಿಲ್ಲದೆ ಬೇರೆ ಯಾರಾದರೂ ಊದೋಕಾಗುತ್ತಾ?"

"ಆಗಲ್ಲ ಅಯ್ಯಾ. ಹಳೇ ತುತ್ತೂರಿ. ಬೇರೆ ತುದಿ ಇದಕ್ಕೆ ಕೂರಲ್ಲ."

"ಹೌದಾ," ಎಂದರು ಅಯ್ಯನವರು. ಅದನ್ನು ಕೋಟಿನ ಒಳಜೇಬಿಗೆ ಹಾಕಿಕೊಂಡು ಗುಂಡಿ ಹಾಕಿದರು. ಮುಂದಿನ ಬೆಂಚಿನವರಿಗೆ ಕೇಳುವ ಹಾಗೆ ಹೇಳಿದರು, "ಹಾಗಾದರೆ ಇದು ಮೂರು ತಿಂಗಳು ನನ್ನ ಹತ್ತಿರ ಇರುತ್ತೆ. ಆಮೇಲೆ ನೀನೇ ಬಂದು ತಗೊಂಡು ಹೋಗು."

ಇವರು ಹಿಂದಕ್ಕೆ ಬಂದು ಕೂತರು. ಅವರ ಕೈಯನ್ನು ನಾನು ಹಿಡಿದುಕೊಂಡೆ.